ಅಟ್ಟದ ಕಾಯಿಯೂ ಗಣಕದ ಕುಸಿತವೂ

ತೆಂಗಿನ ಸೀಮೆಯವರಾದ ನಮಗೆ ಎತ್ತರವೆಂದರೆ ತೆಂಗಿನ ಮರವೇ ಅಳತೆಗೋಲು. ಮುಂಗಾರಿನ ಗಾಳಿಗೆ ಅದು ತೊನೆದಾಡುವುದನ್ನು ಕಂಡು ಬೆಳೆದವರಿಗೆ ಬಾಗುವುದು ಬಲಹೀನತೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪೇಟೆಬೀದಿಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರುತ್ತಿರುವ ಕಟ್ಟಡಗಳಿಗೆ ಈ ಗುಣವುಂಟೇ ಎಂದು ಕೇಳುವವರಿಲ್ಲ.

ಕಳೆದ ವರ್ಷ ನನ್ನ ಹಳೆಯ ಶಿಷ್ಯನೊಬ್ಬ, ಈಗ ಇಂಜಿನಿಯರು, ಮನೆಗೆ ಬಂದಿದ್ದಾಗ ಬಹುಮಹಡಿ ಕಟ್ಟಡವೊಂದು ಭೂಕಂಪದಲ್ಲಿ ಕುಸಿಯುವ ಬಗೆಯನ್ನು ಗಣಕಯಂತ್ರದ ತೆರೆಯ ಮೇಲೆ ತೋರಿಸಿದನು. ಎಂದೋ ನೆಲ ನಡುಗಿದ ದಾಖಲೆಯನ್ನು ಸೆಕೆಂಡಿನ ನೂರರ ಒಂದೊಂದು ಅಂಶವಾಗಿ ಯಂತ್ರಕ್ಕೆ ಉಣಿಸಿ, ಹೆಜ್ಜೆಹೆಜ್ಜೆಗೂ ಯಾವ ಕಂಬ ಎಷ್ಟು ಬಾಗಿತು, ಎಲ್ಲಿ ಕಾಂಕ್ರೀಟು ಸೀಳಿತು, ಎಲ್ಲಿ ಉಕ್ಕು ಹಿಗ್ಗಿ ಸೋತಿತು ಎಂದು ಎಣಿಸುವುದು ಇದರ ಕ್ರಮ. ಕಟ್ಟಡವು ಮಿತಿಮೀರಿ ವಾಲಿತೆಂದರೆ ಮೇಲಿನ ಭಾರವೇ ಅದನ್ನು ಇನ್ನಷ್ಟು ವಾಲಿಸುತ್ತದೆ. ಆಮೇಲೆ ಭೂಮಿ ಸುಮ್ಮನಾದರೂ ಕುಸಿತ ನಿಲ್ಲದು. ಶ್ರೀಶಂಕುಕನು ನಟನನ್ನು ಚಿತ್ರತುರಗಕ್ಕೆ ಹೋಲಿಸಿದ್ದು ನನಗೆ ನೆನಪಾಯಿತು. ಚಿತ್ರದ ಕುದುರೆ ನಿಜವೂ ಅಲ್ಲ, ಸುಳ್ಳೂ ಅಲ್ಲ. ಆದರೂ ನೋಡಿದವನಿಗೆ ಕುದುರೆಯ ಅರಿವಾಗುತ್ತದೆ.

ನಿಜವಾದ ಕಟ್ಟಡವನ್ನೇ ಅಲುಗಿಸಿ ನೋಡಬಾರದೇ ಎಂದು ಕೇಳಿದೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಕಂಪನಪೀಠವು 3 ಮೀಟರು ಉದ್ದಗಲದ್ದು, 10 ಟನ್ ಹೊರಬಲ್ಲುದು. ಜಪಾನಿನ ಮಿಕಿ ನಗರದಲ್ಲಿ 2005ರಲ್ಲಿ ಆರಂಭವಾದ ಪೀಠವು 1,200 ಟನ್ ಹೊರುವುದಾದರೂ ಇಪ್ಪತ್ತು ಅಂತಸ್ತಿನ ಸೌಧ ಅದಕ್ಕೂ ಮೀರಿದ್ದು. ಆದ್ದರಿಂದಲೇ ಗಣಕದ ಆಶ್ರಯ.

ಇದೆಲ್ಲ ಸರಿಯೇ. ನನ್ನ ತಕರಾರು ಬೇರೆ. ಯಂತ್ರಕ್ಕೆ ನಾವು ಹೇಳಿದ ಭಾರವಷ್ಟೇ ಗೊತ್ತು. ಜನರ ಮತ್ತು ಸಾಮಾನುಗಳ ಭಾರವು ಚದರ ಮೀಟರಿಗೆ ಸುಮಾರು 300 ಕಿಲೋ ಮೀರದಿದ್ದರೆ ಅದರ ಕಾಲುಭಾಗವನ್ನೂ, ಮೀರಿದರೆ ಅರ್ಧವನ್ನೂ ಭೂಕಂಪದ ಲೆಕ್ಕಕ್ಕೆ ಹಿಡಿಯಬೇಕೆಂದು 2016ರ ಭಾರತೀಯ ಮಾನಕವು ವಿಧಿಸಿತು. ನಮ್ಮಲ್ಲಿಯೋ, ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಯನ್ನು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಇಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಒಳಗೆ ಗುಡುಗುಡು ಎನ್ನುವವರೆಗೆ ಆ ರಾಶಿ ಕದಲದು. ವಾಸದ ಮನೆಯೆಂದು ನಕ್ಷೆ ಬರೆಸಿ ಮೇಲಂತಸ್ತಿಗೆ ಕಾಯಿ ತುಂಬಿದರೆ, ಲೆಕ್ಕದ ಕುಸಿತವೇ ಒಂದು, ನಿಜದ ಕುಸಿತವೇ ಇನ್ನೊಂದು. ಇದರ ಜೊತೆಗೆ ಕೆಳಗೆ ಅಂಗಡಿಗೆಂದು ಗೋಡೆ ಬಿಟ್ಟು ಬರಿಯ ಕಂಬಗಳ ಮೇಲೆ ನಿಲ್ಲಿಸುವ ಚಪಲ ಬೇರೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಬಹುಮಹಡಿಗಳಲ್ಲಿ ಅನೇಕವು ವಾಹನ ನಿಲ್ಲಿಸಲೆಂದು ಕೆಳಗೆ ಹೀಗೆಯೇ ತೆರವು ಬಿಟ್ಟಿದ್ದಂಥವು.

ನೆಲದ ವಿಷಯದಲ್ಲಿಯೂ ಯಂತ್ರಕ್ಕೆ ಸತ್ಯ ಹೇಳಬೇಕು. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಹಳೆಯ ಸರೋವರದ ಹೂಳು ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗಾಡಿತು. ಆ ಲಯಕ್ಕೆ ಸಿಕ್ಕಿದ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳೇ ಹೆಚ್ಚು ಹಾಳಾದವು. ಬತ್ತಿದ ಕೆರೆಯಂಗಳದಲ್ಲಿ ನಿವೇಶನ ಹುಡುಕುವವರು ಇದನ್ನು ಓದಿಕೊಳ್ಳಲಿ.

ನಮ್ಮದು ಗಟ್ಟಿನೆಲ, ಇಲ್ಲಿ ಭೂಕಂಪವೆಲ್ಲಿಯದು ಎನ್ನುವವರುಂಟು. ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತ್ಯಲ್ಪ ಅಪಾಯದ ಒಂದನೆಯ ವಲಯದಲ್ಲಿಯೇ ಇತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಮಡಿದವರು 7,500ಕ್ಕೂ ಹೆಚ್ಚು. ಅವರನ್ನು ಕೊಂದದ್ದು ಎತ್ತರವಲ್ಲ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಅದರ ಮೇಲೆ ಹೊರಿಸಿದ್ದ ದಪ್ಪ ಮಣ್ಣಿನ ಮಾಳಿಗೆ. ಅಲ್ಲಿಯೂ ತಲೆಯ ಮೇಲಿನ ಭಾರದ್ದೇ ಕಥೆ.

ನಮ್ಮ ವಿದ್ಯಾರ್ಥಿನಿಲಯದ ಮೇಲೆ ಇನ್ನೊಂದು ಅಂತಸ್ತು ಎತ್ತುವ ಮಾತು ನಡೆದಿದೆ. ಅದಕ್ಕೆ ಮುನ್ನ ಆ ಕಟ್ಟಡವನ್ನು ಒಮ್ಮೆ ಗಣಕದಲ್ಲಿ ಬೀಳಿಸಿ ನೋಡಬೇಕೆಂದೂ, ಮೇಲಿನ ನೀರಿನ ತೊಟ್ಟಿ, ದಾಸೋಹದ ರಾಗಿಯ ಮೂಟೆಗಳು, ಭಕ್ತರು ತಂದೊಪ್ಪಿಸುವ ಕಾಯಿಯ ರಾಶಿ, ಇವಿಷ್ಟರ ತೂಕವನ್ನೂ ಮುಚ್ಚಿಡದೆ ಬರೆದುಕೊಡಬೇಕೆಂದೂ ಆಡಳಿತ ವರ್ಗದವರಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ರಾಗಿಯ ಮೂಟೆ ಎಣಿಸಿಕೊಡಲು ನಾನೇ ಸಿದ್ಧನಿದ್ದೇನೆ.