ನೆರೆಮನೆಯ ಸೂರ್ಯ

ಮನೆಯನ್ನು ಕಟ್ಟುವಾಗ ದಿಕ್ಕನ್ನು ನೋಡುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ಶಾಸ್ತ್ರದ ವಿಚಾರ ಹಾಗಿರಲಿ, ಅದರಲ್ಲಿ ಅನುಭವದ ಸಾರವೂ ಇದೆ. ಮೂಡಣ ಕೋಣೆಗೆ ಎಳೆಬಿಸಿಲು ಬರುವುದು. ಮಧ್ಯಾಹ್ನ ಕಳೆದ ಮೇಲೆ ಅಲ್ಲಿ ನೆರಳಾಗುವುದು. ಆದುದರಿಂದಲೇ ವೃದ್ಧರಿಗೂ ಹಸುಗೂಸುಗಳಿಗೂ ಆ ಕೋಣೆ ಹಿತವೆಂದು ಎಷ್ಟೋ ಮನೆಗಳಲ್ಲಿ ಅದನ್ನು ಅವರಿಗಾಗಿ ಬಿಟ್ಟುಕೊಟ್ಟಿರುತ್ತಾರೆ. ಈ ಲೆಕ್ಕವೆಲ್ಲವೂ ಆಕಾಶದಲ್ಲಿ ಸೂರ್ಯನು ಒಬ್ಬನೇ ಎಂಬ ನಂಬಿಕೆಯ ಮೇಲೆ ನಿಂತಿದೆ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಬಳಿಯಲ್ಲಿಯೋ ವೈಟ್‌ಫೀಲ್ಡಿನ ಕಡೆಯಲ್ಲಿಯೋ ವಾಸಮಾಡುವ ಗೃಹಸ್ಥರನ್ನು ಕೇಳಿದರೆ, ಆ ನಂಬಿಕೆ ಈಗ ಸಡಿಲವಾಗಿದೆಯೆಂದು ಹೇಳಿಯಾರು. ಮನೆಯ ಮೂಡಣಕ್ಕೆ ಗಾಜು ಹೊದ್ದ ಬಹುಮಹಡಿಯ ಕಟ್ಟಡವೊಂದು ಎದ್ದಿತೆಂದರೆ, ಸಂಜೆಯ ಹೊತ್ತಿನಲ್ಲಿ ಪಡುವಣದಲ್ಲಿ ಒಬ್ಬ ಸೂರ್ಯ, ಮೂಡಣದಲ್ಲಿ ಇನ್ನೊಬ್ಬ! ಇಂತಹ ಒಂದು ಮನೆಯಲ್ಲಿ, ಕಣ್ಣಿಗೆ ಪೊರೆ ಬಂದ ಅಜ್ಜಿಯೊಬ್ಬರು ನಾಲ್ಕು ಗಂಟೆಯಾಯಿತೆಂದರೆ ತಮ್ಮ ಕೋಣೆಯನ್ನು ಬಿಟ್ಟು ಅಡಿಗೆಮನೆಯ ಹೊಸ್ತಿಲ ಬಳಿ ಬಂದು ಕುಳಿತುಕೊಳ್ಳುವುದನ್ನು ನಾನು ಕಂಡಿದ್ದೇನೆ. ಪೊರೆಯುಳ್ಳ ಕಣ್ಣಿಗೆ ಪ್ರಖರವಾದ ಬೆಳಕು ಉಳಿದವರಿಗಿಂತ ಹೆಚ್ಚಾಗಿ ಬಾಧಿಸುವುದು. ನಲವತ್ತು ವರ್ಷ ತಮ್ಮದಾಗಿದ್ದ ಕೋಣೆಯನ್ನು ಅವರು ದಿನಕ್ಕೆ ಎರಡು ಗಂಟೆಯ ಕಾಲ ಒಂದು ಪ್ರತಿಬಿಂಬಕ್ಕೆ ಒಪ್ಪಿಸಿ ಹೊರಬರಬೇಕಾಗಿತ್ತು.

ಇದರ ಕಾರಣ ಶಾಲೆಯ ಹುಡುಗರಿಗೂ ತಿಳಿದದ್ದೇ. ಬೆಳಕು ನುಣುಪಾದ ಮೇಲ್ಮೈಯನ್ನು ಯಾವ ಕೋನದಲ್ಲಿ ತಾಗುವುದೋ ಅದೇ ಕೋನದಲ್ಲಿ ಹಿಂದಿರುಗುವುದು. ಸಾಧಾರಣವಾದ ತಿಳಿಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 8 ಪಾಲನ್ನು ಹಿಂದಿರುಗಿಸುತ್ತದೆ; ಲೋಹದ ತೆಳುಲೇಪವುಳ್ಳ ಗಾಜು 20 ಅಥವಾ 30 ಪಾಲನ್ನೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚನ್ನೂ ಹಿಂದಿರುಗಿಸುವುದುಂಟು. ಸುಣ್ಣ ಬಳಿದ ಬಿಳಿಯ ಗೋಡೆ ಇದಕ್ಕಿಂತಲೂ ಹೆಚ್ಚು ಬೆಳಕನ್ನು ಹಿಂದಿರುಗಿಸುವುದಲ್ಲವೆ ಎಂದು ವಾಚಕರು ಕೇಳಬಹುದು. ನಿಜ, ಆದರೆ ಸುಣ್ಣದ ಗೋಡೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಗಾಜು ಒಂದೇ ಕಡೆಗೆ ಎಸೆಯುತ್ತದೆ. ಚೆಲ್ಲಿದ ನೀರಿಗೂ ಎಸೆದ ನೀರಿಗೂ ಇರುವ ಅಂತರವೇ ಇಲ್ಲಿಯೂ ಇರುವುದು.

ಮುಟ್ಟಿದರೆ ತಣ್ಣಗಿದ್ದು, ಸೂರ್ಯಕಿರಣ ತಾಗಿದೊಡನೆ ಬೆಂಕಿಯನ್ನು ಕಾರುವ ಸೂರ್ಯಕಾಂತವೆಂಬ ಮಣಿಯನ್ನು ಸಂಸ್ಕೃತ ಕವಿಗಳು ವರ್ಣಿಸಿದ್ದಾರೆ. ಅದು ಕೇವಲ ಕವಿಸಮಯವೆಂದು ತಿಳಿದವರಿಗೆ ಲಂಡನ್ ನಗರದ ವೃತ್ತಾಂತ ಆಶ್ಚರ್ಯವನ್ನುಂಟುಮಾಡೀತು. 2013ರ ಬೇಸಗೆಯ ಕೊನೆಯಲ್ಲಿ, ಫೆನ್‌ಚರ್ಚ್ ಬೀದಿಯ 20ನೆಯ ನಂಬರಿನ ನಿವೇಶನದಲ್ಲಿ ಇನ್ನೂ ಕಟ್ಟುತ್ತಿದ್ದ ಗಾಜಿನ ಸೌಧವು ಬಿಸಿಲನ್ನು ಬೀದಿಯ ಮೇಲೆ ಕೇಂದ್ರೀಕರಿಸಿ, ಅಲ್ಲಿ ನಿಲ್ಲಿಸಿದ್ದ ಮೋಟಾರು ಕಾರಿನ ಕೆಲವು ಭಾಗಗಳನ್ನು ಕರಗಿಸಿಬಿಟ್ಟಿತು. ಆ ಸೌಧದ ಮುಖ ಬೋಗುಣಿಯಂತೆ ಒಳಕ್ಕೆ ಬಾಗಿದ್ದುದೇ ಅದಕ್ಕೆ ಕಾರಣ. ಚಪ್ಪಟೆಯಾದ ಗೋಡೆಗೆ ಹಾಗೆ ಬೆಳಕನ್ನು ಒಟ್ಟುಗೂಡಿಸುವ ಶಕ್ತಿಯಿಲ್ಲ. ಆದುದರಿಂದ ಅಷ್ಟೊಂದು ಭಯಕ್ಕೆ ಕಾರಣವಿಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 2003ರಲ್ಲಿ ತೆರೆದ ವಾಲ್ಟ್ ಡಿಸ್ನಿ ಸಂಗೀತಶಾಲೆಯ ಹೊಳಪಿನ ಉಕ್ಕಿನ ಹಲಗೆಗಳೂ ನೆರೆಯವರನ್ನು ಹೀಗೆಯೇ ಕಾಡಿದವು. ಲಂಡನ್ನಿನಲ್ಲಿ 2014ರಲ್ಲಿ ಸೌಧದ ಮುಖಕ್ಕೆ ನೆರಳುಪಟ್ಟಿಗಳನ್ನು ಜೋಡಿಸಿದರು; ಲಾಸ್ ಏಂಜಲೀಸಿನಲ್ಲಿ 2005ರಲ್ಲಿ ಹಲಗೆಗಳನ್ನು ಉಜ್ಜಿ ಹೊಳಪನ್ನು ಕುಂದಿಸಿದರು. ಈ ಎರಡು ಕಡೆಗಳಲ್ಲಿಯೂ ಚಿಕಿತ್ಸೆ ನಡೆದದ್ದು ರೋಗದ ಮೂಲದಲ್ಲಿ ಎಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಮೂಲಚಿಕಿತ್ಸೆಗೆ ಕಾಲ ಹಿಡಿಯುವುದು. ಅಲ್ಲಿಯವರೆಗೆ ಮನೆಯೊಳಗಿರುವವರ ಪಾಡೇನು? ಮೊದಲನೆಯದಾಗಿ ಮಾಡಬೇಕಾದದ್ದು ವೀಕ್ಷಣೆ. ಒಂದು ಸೀಮೆಸುಣ್ಣದ ಕಡ್ಡಿ ಸಾಕು. ಪ್ರತಿಫಲಿತವಾದ ಬಿಸಿಲು ಕೋಣೆಯೊಳಗೆ ಎಲ್ಲಿಯವರೆಗೆ ಬರುವುದೆಂದು ಹದಿನೈದು ದಿನಕ್ಕೊಮ್ಮೆ, ಅದೇ ಗಂಟೆಗೆ, ನೆಲದ ಮೇಲೂ ಗೋಡೆಯ ಮೇಲೂ ಗುರುತುಮಾಡಿ, ತಾರೀಖನ್ನು ಬರೆದಿಡಬೇಕು. ಸೂರ್ಯನು ಉತ್ತರಕ್ಕೂ ದಕ್ಷಿಣಕ್ಕೂ ಸರಿಯುವಂತೆ ಈ ಪ್ರತಿಬಿಂಬವೂ ಸರಿಯುತ್ತದೆ. ಚೈತ್ರದಲ್ಲಿ ಅಜ್ಜಿಯ ಮಂಚದ ಮೇಲೆ ಬಿದ್ದದ್ದು ಆಷಾಢದಲ್ಲಿ ಬೇರೊಂದು ಮೂಲೆಗೆ ಹೋಗಿರಬಹುದು. ಒಂದು ವಾರದ ಉರಿಯನ್ನು ನೋಡಿ ಸಾವಿರಾರು ರೂಪಾಯಿಗಳ ಏರ್ಪಾಡನ್ನು ಮಾಡಿಕೊಳ್ಳುವುದು ವಿವೇಕವಲ್ಲ.

ಎರಡನೆಯದಾಗಿ, ತಡೆ ಕಿಟಕಿಯ ಹೊರಗಿರಬೇಕು. ಒಳಗಡೆಯ ಪರದೆ ಕಣ್ಣನ್ನೇನೋ ಕಾಯುವುದು. ಆದರೆ ಬಿಸಿಲು ಗಾಜನ್ನು ದಾಟಿ ಬಂದು ಪರದೆಯನ್ನೇ ಕಾಯಿಸುವುದರಿಂದ ಶಾಖದ ಬಹುಭಾಗ ಕೋಣೆಯಲ್ಲಿಯೇ ಉಳಿಯುವುದು. ಬಾಗಿಲ ಹೊರಗೆ ನಿಲ್ಲಿಸಬೇಕಾದ ಅತಿಥಿಯನ್ನು ನಡುಮನೆಗೆ ಕರೆತಂದು ತಡೆದಂತಾಯಿತು.

ಕಿಟಕಿಯ ಮೇಲಿನ ಸಜ್ಜಾ ಸಾಲದೆ ಎಂದು ಕೆಲವರು ಕೇಳುತ್ತಾರೆ. ಸಾಲದು. ಗಾಜಿನ ಗೋಡೆ ನೆಟ್ಟಗಿದ್ದರೆ, ಅದರಿಂದ ಬರುವ ಕಿರಣವು ಆಕಾಶದ ಸೂರ್ಯನ ಕಿರಣದಷ್ಟೇ ಓರೆಯಾಗಿ ಇಳಿಯುವುದು. ದಿಕ್ಕು ಮಾತ್ರ ಬದಲಾಗುವುದು. ವಿಷುವದ ದಿನಗಳಲ್ಲಿ ಬೆಂಗಳೂರಿನಲ್ಲಿ ಸಂಜೆ ನಾಲ್ಕೂವರೆ ಗಂಟೆಗೆ ಸೂರ್ಯನು ದಿಗಂತದಿಂದ 30 ಅಂಶಕ್ಕಿಂತ ಕೆಳಗಿರುತ್ತಾನೆ. ಎದುರಿನಿಂದ 30 ಅಂಶದಲ್ಲಿ ಬರುವ ಬಿಸಿಲಿಗೆ 2 ಅಡಿಯ ಸಜ್ಜಾ ಕೊಡುವ ನೆರಳು ಒಂದು ಅಡಿ ಎರಡು ಅಂಗುಲಕ್ಕೆ ಮೀರದು. ಸಂಜೆಯ ಬಿಸಿಲಿಗೆ ಬೇಕಾದದ್ದು ಕಿಟಕಿಯ ಮುಂದೆ ಕೆಳಗಿನವರೆಗೂ ಇಳಿಬಿದ್ದ ತಡೆ. ಬಿದಿರಿನ ಪರದೆ, ತೋಟದವರು ಕಟ್ಟುವ ಹಸಿರು ಬಲೆ, ಲಾವಂಚದ ತಟ್ಟಿ, ಇವುಗಳಲ್ಲಿ ಯಾವುದಾದರೂ ಆಗಬಹುದು. ಒಣಹವೆಯ ದಿನಗಳಲ್ಲಿ ಲಾವಂಚಕ್ಕೆ ನೀರು ಚಿಮುಕಿಸಿದರೆ ಗಾಳಿ ತಣ್ಣಗಾಗುವುದು. ಮಳೆಗಾಲದಲ್ಲಿ ಅದರಿಂದ ಅಷ್ಟು ಪ್ರಯೋಜನವಿಲ್ಲ. ಜಾಗವಿದ್ದವರು ದಾರ ಕಟ್ಟಿ ಹಾಗಲ, ತೊಂಡೆ, ಅವರೆಯ ಬಳ್ಳಿಗಳನ್ನು ಹಬ್ಬಿಸಬಹುದು. ನೆರಳಿನ ಜತೆಗೆ ಪಲ್ಯವೂ ದೊರೆಯುವುದು. ನಾನು ಹೇಳಿದ ಮನೆಯವರು ಬಿದಿರಿನ ಪರದೆಯನ್ನೂ ಅವರೆಯ ಬಳ್ಳಿಯನ್ನೂ ಆಶ್ರಯಿಸಿದರು. ಸಂಜೆ ಕೋಣೆಯಲ್ಲಿ ಅಜ್ಜಿಯ ಜಪಮಣಿ ಮತ್ತೆ ತಿರುಗುತ್ತಿದೆ.

ಮಾಡಬಾರದ ಕೆಲಸಗಳೂ ಎರಡಿವೆ. ಕಿಟಕಿಯ ಗಾಜಿಗೆ ಸಿಕ್ಕಿದ ಕಪ್ಪು ಹಾಳೆಯನ್ನು ಅಂಟಿಸಕೂಡದು. ಕೆಲವು ಬಗೆಯ ಗಾಜು ಶಾಖವನ್ನು ಹೀರಿ, ಅಂಚಿಗೂ ನಡುವಿಗೂ ಬಿಸಿಯಲ್ಲಿ ಅಂತರವಾಗಿ ಸೀಳುವುದುಂಟು. ಕನ್ನಡಿಯಂತಹ ಹಾಳೆಯನ್ನು ಹಚ್ಚಿದರಂತೂ ನಮ್ಮ ಉಪದ್ರವವನ್ನು ಎದುರುಮನೆಯವರಿಗೆ ದಾಟಿಸಿದಂತಾಗುವುದು. ನಾವು ಯಾವ ನಡತೆಯನ್ನು ಖಂಡಿಸುತ್ತಿರುವೆವೋ ಅದನ್ನೇ ಆಚರಿಸಿದರೆ ದೂರುವ ಬಾಯಿ ನಮಗೆಲ್ಲಿ ಉಳಿದೀತು?

ಇನ್ನು ಮೂಲಚಿಕಿತ್ಸೆಯ ಮಾತು. ನೀತಿಜ್ಞರು ಹೇಳಿರುವ ನಾಲ್ಕು ಉಪಾಯಗಳಲ್ಲಿ ಸಾಮವೇ ಮೊದಲನೆಯದು. ಕಟ್ಟಡದ ಒಡೆಯರು ನಮ್ಮ ಮೇಲಣ ದ್ವೇಷದಿಂದ ಗಾಜನ್ನು ಹಾಕಿಸಿದವರಲ್ಲ. ಇಂಧನವನ್ನು ಉಳಿಸಬೇಕೆಂದು 2007ರಲ್ಲಿ ಭಾರತ ಸರಕಾರದವರು ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ಕಟ್ಟಡಸಂಹಿತೆಯು, ಗಾಜಿನ ಮೂಲಕ ಒಳಬರುವ ಶಾಖಕ್ಕೆ ಮಿತಿಯನ್ನು ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಶಾಖವನ್ನು ಕನ್ನಡಿಯಿಂದ ಹೊರದೂಡಿದರೆ ಅದು ಇಲ್ಲವಾಗುವುದಿಲ್ಲ, ಬೀದಿಯನ್ನೋ ನೆರೆಮನೆಯನ್ನೋ ಸೇರುವುದು. ಸಿಂಗಪುರದಲ್ಲಿ ಕಟ್ಟಡಗಳ ಹೊರಗಾಜು ನೂರಕ್ಕೆ 20 ಪಾಲಿಗಿಂತ ಹೆಚ್ಚು ಬೆಳಕನ್ನು ಪ್ರತಿಫಲಿಸಕೂಡದೆಂಬ ನಿಯಮವಿದೆ. ಗೋಡೆಯ ಹೊರಗೆ ನೆರಳುಪಟ್ಟಿಗಳನ್ನು ಜೋಡಿಸಿದರೆ ಒಡೆಯರ ಹವಾನಿಯಂತ್ರಣದ ಖರ್ಚೂ ಇಳಿಯುವುದು, ನೆರೆಯವರ ಉರಿಯೂ ಆರುವುದು.

ಆದುದರಿಂದ ನಾಲ್ಕಾರು ಮನೆಯವರು ಕೂಡಿ, ಸೀಮೆಸುಣ್ಣದ ಗುರುತುಗಳ ತಾರೀಖುಪಟ್ಟಿ, ಆಯಾ ಹೊತ್ತಿನ ಛಾಯಾಚಿತ್ರಗಳು, ಕೋಣೆಯ ಉಷ್ಣಮಾನ, ಇವುಗಳೊಡನೆ ಒಡೆಯರಿಗೆ ವಿನಯದಿಂದ ಒಂದು ಪತ್ರವನ್ನು ಬರೆಯತಕ್ಕದ್ದು. ಸಾಧ್ಯವಾದರೆ ಅವರಲ್ಲಿ ಒಬ್ಬರನ್ನು ಸಂಜೆ ನಾಲ್ಕೂವರೆಗೆ ಕಾಫಿಗೆ ಕರೆದು, ಆ ಕೋಣೆಯಲ್ಲಿಯೇ ಕುಳ್ಳಿರಿಸುವುದು ಇನ್ನೂ ಉತ್ತಮ. ಹತ್ತು ಪುಟದ ಅರ್ಜಿ ಹೇಳಲಾರದುದನ್ನು ಹತ್ತು ನಿಮಿಷದ ಬಿಸಿಲು ಹೇಳೀತು. ಅದಕ್ಕೂ ಮಣಿಯದಿದ್ದರೆ ಆ ಪಟ್ಟಿಯೇ ನಗರಾಡಳಿತದ ಮುಂದೆ ಸಾಕ್ಷಿಯಾಗುವುದು.

ಗೋಡೆ ಕಟ್ಟಿಸಿದವನದು, ಸಂದೇಹವಿಲ್ಲ. ಆದರೆ ಅದರಿಂದ ಹೊರಟ ಕಿರಣಕ್ಕೆ ಎಲ್ಲೆಕಲ್ಲು ತಿಳಿಯದು. ತನ್ನ ಗೋಡೆಯಿಂದ ನೆರೆಯವನ ಅಂಗಳಕ್ಕೆ ಏನು ಬೀಳುವುದೆಂದು ಒಮ್ಮೆ ಅಲ್ಲಿಗೆ ಹೋಗಿ ನಿಂತು ನೋಡುವುದೂ ಗೃಹಸ್ಥಧರ್ಮದಲ್ಲಿ ಸೇರಿದ್ದೇ.