ಕಡತ ಕಟ್ಟುವ ಕೈಗಳು ಬೇಕು

8 ಅಂಗುಲದಿಂದ ಒಂದಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಮಗ್ಗುಲಿಗೆ ಹುಣಸೆಬೀಜದ ಗಂಜಿಯಲ್ಲಿ ಕಲಸಿದ ಇದ್ದಿಲಪುಡಿ ಬಳಿಯಬೇಕು. ಒಣಗಿದ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಚಿ, ಎರಡು ತುದಿಗೆ ಹಲಗೆ ಅಂಟಿಸಿದರೆ ಕಡತ ಸಿದ್ಧ. ಕಪ್ಪು ಮೈಮೇಲೆ ಬಳಪದಲ್ಲಿ ಗೀಚಿದ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು. 1810ರಲ್ಲಿ ಮೈಸೂರಿನ ಇತಿಹಾಸ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಅಳತೆಗಳನ್ನು ಬರೆದಿಟ್ಟಿದ್ದಾನೆ. ಶಾನುಭೋಗರ ಜಮೀನು ಲೆಕ್ಕ, ವರ್ತಕರ ಸಾಲಸೋಲ, ಮಠಗಳ ದಾನದತ್ತಿ ಎಲ್ಲವೂ ಇದರಲ್ಲೇ ಇರುತ್ತಿದ್ದವು.

ಈಗ ಕಡತವೆಂದರೆ ಕಚೇರಿಯ ಫೈಲು ಅಷ್ಟೇ.

ಕೊರಿಯಾದವರು ತಮ್ಮ ಹಾಂಜಿ ಕಾಗದವನ್ನು ಹೀಗೆ ಕೈಬಿಡಲಿಲ್ಲ. ಅಲ್ಲಿ ಡಾಕ್ ಎಂಬ ಗಿಡದ ತೊಗಟೆ ಬೇಯಿಸಿ, ಬಡಿದು, ನಮ್ಮ ಬೆಂಡೆಯ ಜಾತಿಗೇ ಸೇರಿದ ಗಿಡವೊಂದರ ಬೇರಿನ ಲೋಳೆ ಬೆರೆಸಿ ಹಾಳೆ ಎತ್ತುತ್ತಾರೆ. 1966ರಲ್ಲಿ ಬುಲ್ಗುಕ್ಸಾ ದೇಗುಲದ ಸ್ತೂಪದೊಳಗೆ ಸಿಕ್ಕ ಮುದ್ರಿತ ಬೌದ್ಧ ಸೂತ್ರ ಸಾವಿರದಿನ್ನೂರು ವರ್ಷಕ್ಕೂ ಹಳೆಯದು, ಅದರ ಕಾಗದವೂ ಇದೇ ಜಾತಿಯ ತೊಗಟೆಯದು. ದಕ್ಷಿಣ ಕೊರಿಯಾ ಸರ್ಕಾರ ಹಳೆಯ ಹಾಳೆಗಳನ್ನಷ್ಟೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಲಿಲ್ಲ. ಹಾಂಜಿ ಮಾಡುವ ಕುಶಲಕರ್ಮಿಗಳ ವಿದ್ಯೆಯನ್ನೇ ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿತು. ನಾವು ಎಡವಿದ್ದು ಇಲ್ಲಿಯೇ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ, ಶೃಂಗೇರಿ ಮಠದಲ್ಲಿ ಕಡತಗಳು ಉಳಿದಿವೆ. ಆದರೆ ಹೊಸ ಕಡತ ಕಟ್ಟುವುದನ್ನು ಹೇಳಿಕೊಡುವ ವ್ಯವಸ್ಥೆ ಎಲ್ಲಿದೆ?

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗೆ ಈ ಮಾತು ನೇರವಾಗಿ ತಟ್ಟುತ್ತದೆ. ಚನ್ನಗಿರಿ ಹೊತ್ತಿರುವುದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರನ್ನು. ಶಿವಪ್ಪನಾಯಕನ ಶಿಸ್ತಿನಂಥ ಕಂದಾಯ ವ್ಯವಸ್ಥೆ ಕಂಡ ಆ ಕೆಳದಿ ರಾಜ್ಯದಲ್ಲಿ ಊರೂರಿಗೂ ಲೆಕ್ಕ ಬರೆಯುವವರಿದ್ದರು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು, ಎಷ್ಟೋ ದಾಖಲೆಗಳು ಮನೆಗಳ ಅಟ್ಟ ಸೇರಿದವು. 1997ರಲ್ಲಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ದಾವಣಗೆರೆಗೆ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಜಿಲ್ಲೆ ಬದಲಾದ ಊರುಗಳ ಹಳೆಯ ದಾಖಲೆಗಳನ್ನು ತಮ್ಮದೆಂದು ಹುಡುಕುವವರು ಕಡಿಮೆ. ಮನೆ ಕೆಡವುವಾಗ ಮಸಿಬಟ್ಟೆಯೆಂದು ಒಲೆಗೆ ಹಾಕುವ ಮೊದಲು ಅವುಗಳ ಪಟ್ಟಿಯಾಗಬೇಕು, ಫೋಟೊ ತೆಗೆದಿಡಬೇಕು. ಕಡತ ಮಾತ್ರ ಆ ಮನೆಯವರ ಬಳಿಯೇ ಇರಲಿ. ಕಿತ್ತುಕೊಳ್ಳುತ್ತಾರೆಂಬ ಭಯವಿದ್ದರೆ ಯಾರೂ ಅಟ್ಟದಿಂದ ಇಳಿಸುವುದಿಲ್ಲ.

ತಯಾರಿಕೆಗೆ ಹೊರಗಿನಿಂದ ತರಬೇಕಾದ್ದು ಏನೂ ಇಲ್ಲ. ಹುಣಸೆ ಬಯಲುಸೀಮೆಯ ಮರ. ಪಕ್ಕದ ಚಳ್ಳಕೆರೆಯ ಕಡೆ ಕಂಬಳಿ ನೇಯುವವರು ಹುಣಸೆಬೀಜ ಅರೆದು ಗಂಜಿ ಕಾಯಿಸುತ್ತಾರೆ. ಎಷ್ಟು ಗಟ್ಟಿಯಿದ್ದರೆ ನೂಲಿಗೆ ಹಿಡಿಯುತ್ತದೆಂಬ ಹದ ಅವರ ಕೈಗೆ ಗೊತ್ತು. ಅಂಥವರನ್ನು ಗೌರವಧನ ಕೊಟ್ಟು ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಕರೆಸಬೇಕು. ಮಕ್ಕಳು ಗಂಜಿ ಬಳಿದು, ಬಟ್ಟೆ ಒಣಗಿಸಿ, ತಮ್ಮೂರಿನ ಕೆರೆ, ಬಾವಿ, ಗದ್ದೆಗಳ ಹೆಸರನ್ನು ಬಳಪದಲ್ಲಿ ಬರೆಯಲಿ. ದಾವಣಗೆರೆ ವಿಶ್ವವಿದ್ಯಾಲಯ ಮತ್ತು ಜಿಲ್ಲಾ ಪಂಚಾಯಿತಿ ಕೂಡಿದರೆ ಬರುವ ಬೇಸಿಗೆ ರಜೆಯಲ್ಲೇ ಮೊದಲ ಶಿಬಿರ ನಡೆಸಬಹುದು.