ಉರುಳು ಹಾಕುವವನು ಬೇಟೆಗಾರನಲ್ಲ

ನಮ್ಮ ತಾಳವಾಡಿ ಸೀಮೆಯ ಹುಡುಗರ ಬಾಯಲ್ಲಿ ಈಗ ಒಂದು ಮಾತು ಓಡಾಡುತ್ತಾ ಇದೆ. "ಅಮೆರಿಕದವರು ಬಿಲ್ಲು ಹಿಡ್ಕೊಂಡು ಎಲ್ಕ್ ಹೊಡೀಬೌದು, ನಮ್ಮ ತಾತ ಮುತ್ತಾತ ಹೊಡೆದ ಕಡವೇನ ನಾವು ಮುಟ್ಟುದ್ರೆ ಮಾತ್ರ ಜೈಲಾ?" ಮೊಬೈಲ್ ನೋಡಿಕೊಂಡು ಕೇಳುತ್ತಾರೆ. ಟೀ ಅಂಗಡಿಯಲ್ಲಿ ಕೂತ ದೊಡ್ಡವರೂ ಹೌದೌದು ಅಂತ ತಲೆಯಾಡಿಸುತ್ತಾರೆ. ನಾನು ಏಳನೇ ಕ್ಲಾಸು ಓದಿದವನು, ರಾಗಿ ಜೋಳ ಬೆಳೆಯುವವನು, ಮಾದಪ್ಪನ ಕಥೆ ಹಾಡುವವನು. ತಲೆಯಾಡಿಸಿದ ದೊಡ್ಡವರು ಉತ್ತರ ಕೊಡದೆ ಹೋದದ್ದರಿಂದ ನಾನು ಬರೆಯುತ್ತಿದ್ದೇನೆ.

ಹುಡುಗರು ನೋಡಿದ್ದು ಕಡೆಯ ಎರಡು ನಿಮಿಷ. ಬಾಣ ಹೋಯ್ತು, ಮಿಗ ಬಿತ್ತು, ಅಷ್ಟೆ. ಅದಕ್ಕೆ ಮುಂಚೆ ಆ ಮನುಷ್ಯ ಏನು ಮಾಡಿದ ಅಂತ ಕೇಳಿದ್ದೀರಾ? ನಮ್ಮೂರ ಮನೆಯೊಂದರ ಅಳಿಯ ಕೊಲರಾಡೋದಲ್ಲಿ ಕೆಲಸದಲ್ಲಿದ್ದಾನೆ. ಅವನ ಪಕ್ಕದ ಮನೆಯವನು ಬಿಲ್ಲಿನ ಬೇಟೆಗಾರ. ಊರಿಗೆ ಬಂದಾಗ ಕೂರಿಸಿಕೊಂಡು ಎಲ್ಲಾ ಕೇಳಿದೆ.

ಅಲ್ಲಿ ಬಿಲ್ಲಿನ ಬೇಟೆ ಸೆಪ್ಟೆಂಬರಿನಲ್ಲಿ. ಆಗ ಗಂಡು ಎಲ್ಕ್ ಬೆದೆಗೆ ಬಂದು ಸಿಳ್ಳೆ ಹೊಡೆದ ಹಾಗೆ ಕೂಗುತ್ತದೆ. ಆದರೆ ಬೇಟೆಗಾರನ ಕೆಲಸ ಬೇಸಿಗೆಯಲ್ಲೇ ಶುರು. ನಕ್ಷೆ ನೋಡಿ ನೀರು ಎಲ್ಲಿ, ಹುಲ್ಲು ಎಲ್ಲಿ, ಹಗಲು ಮಲಗುವ ನೆರಳು ಎಲ್ಲಿ ಅಂತ ಗುರುತು ಹಾಕುತ್ತಾನೆ. ಆಮೇಲೆ ಬೆಟ್ಟ ಹತ್ತಿ ಹೆಜ್ಜೆ, ಹಿಕ್ಕೆ, ಕೆಸರಲ್ಲಿ ಹೊರಳಾಡಿದ ಗುಂಡಿ, ಕೊಂಬು ಉಜ್ಜಿ ತೊಗಟೆ ಕಿತ್ತ ಮರ, ಎಲ್ಲಾ ಹುಡುಕುತ್ತಾನೆ. ಸಣ್ಣ ಪುಡಿ ಊದಿ ಗಾಳಿ ನೋಡುತ್ತಾನೆ. ತಂಪು ಹೊತ್ತಲ್ಲಿ ಗಾಳಿ ಇಳಿಜಾರಿಗೆ ಇಳಿಯುತ್ತದೆ, ಬಿಸಿಲೇರಿದರೆ ಮೇಲಕ್ಕೆ ಹತ್ತುತ್ತದೆ. ಇದು ತಪ್ಪಿದರೆ ಮೂರು ತಿಂಗಳ ಕೆಲಸ ಮಿಗದ ಒಂದು ಉಸಿರಿಗೆ ಹೋಯ್ತು. ದಿನಾ ಸಂಜೆ ಗುರಿ ಅಭ್ಯಾಸ ಬೇರೆ. ಮೂವತ್ತು ನಲವತ್ತು ಗಜದೊಳಗೆ ಬರದಿದ್ದರೆ ಒಳ್ಳೆ ಬೇಟೆಗಾರ ಬಾಣ ಬಿಡುವುದಿಲ್ಲ. ಯಾಕೆಂದರೆ ಬಾಣ ಕೊಲ್ಲುವುದು ರಕ್ತ ಹರಿಸಿ, ಪೆಟ್ಟು ತಪ್ಪಿದರೆ ಮಿಗ ನರಳಿ ಸಾಯುತ್ತದೆ. ಬಿಟ್ಟ ಮೇಲೂ ಓಡುವುದಿಲ್ಲ, ಅರ್ಧ ಗಂಟೆಯಾದರೂ ಕಾದು ರಕ್ತದ ಜಾಡು ಹಿಡಿಯುತ್ತಾನೆ. ಇಷ್ಟೆಲ್ಲಾ ಮಾಡಿ ಎಷ್ಟೋ ಜನ ಬರಿಗೈಲಿ ವಾಪಸು ಬರುತ್ತಾರೆ.

ಈಗ ನಮ್ಮ ಕಡೆಯ 'ಬೇಟೆ' ನೋಡಿ. ಬೈಕಿನ ಕ್ಲಚ್ ವೈರಿನ ಉರುಳು ಕಟ್ಟಿ ಮನೆಗೆ ಬಂದು ಮಲಗುವುದು. ಬೇಲಿಗೆ ಕಳ್ಳ ಕರೆಂಟು ಬಿಡುವುದು. ಹಂದಿಗೆ ಅಂತ ತಿಂಡಿಯೊಳಗೆ ಸಿಡಿಮದ್ದಿನ ಉಂಡೆ ಇಡುವುದು. ಇದರಲ್ಲಿ ಯಾವುದಕ್ಕೆ ಹೆಜ್ಜೆ ಓದಬೇಕು? ಯಾವುದಕ್ಕೆ ಗಾಳಿ ತಿಳಿಯಬೇಕು? ಉರುಳಿಗೆ ಗಂಡು ಹೆಣ್ಣು, ಗಬ್ಬದ ಮಿಗ, ಮರಿ ಅಂತ ಗೊತ್ತಿಲ್ಲ. ಹಂದಿಗೆ ಅಂತ ಬಿಟ್ಟ ಕರೆಂಟಿಗೆ ಆನೆ ಬೀಳುತ್ತದೆ, ರಾತ್ರಿ ನೀರು ಕಟ್ಟಲು ಹೋದ ರೈತನೂ ಬೀಳುತ್ತಾನೆ. ಯಾರೋ ಇಟ್ಟ ಉಂಡೆ ಕಚ್ಚಿ ನಮ್ಮ ಹಸುವಿನ ದವಡೆ ಹಾರಿಹೋಯ್ತು. ಮೇವು ಮುಂದೆ ಇದ್ದರೂ ತಿನ್ನಲಾರದೆ ನಾಲ್ಕು ದಿನ ನಿಂತಿದ್ದು ಸತ್ತಿತು. ಇದಕ್ಕೆ ಪರಂಪರೆ ಅನ್ನುತ್ತೀರಾ? ನಮ್ಮ ತಾತನಿಗೆ ಗುರುತಿದ್ದ ಸೋಲಿಗರ ಮುದುಕರು ಒಂದು ಹೆಜ್ಜೆ ನೋಡಿ ಮಿಗ ನಿನ್ನೆ ಹೋಯ್ತೋ ಈ ಬೆಳಿಗ್ಗೆ ಹೋಯ್ತೋ ಹೇಳೋರು. ಆ ಮುದುಕರ ಹೆಸರನ್ನು ಕ್ಲಚ್ ವೈರಿಗೆ ಕಟ್ಟಬೇಡಿ.

ಇನ್ನು ಕೆಲವರು ನನ್ನ ಹಾಡನ್ನೇ ನನ್ನ ಮುಂದೆ ಹಿಡಿಯುತ್ತಾರೆ. "ಏನಣ್ಣಾ, ಸಂಕಮ್ಮನ ಸಾಲಲ್ಲಿ ನೀಲೇಗೌಡ ಬೇಟೆಗಾರ ತಾನೆ?" ಅನ್ನುತ್ತಾರೆ. ಹೌದಪ್ಪಾ. ಆದರೆ ರಾತ್ರಿಯೆಲ್ಲಾ ಕೂತು ಕೇಳಿದವರಿಗೆ ಗೊತ್ತು, ಆ ಕಥೆಯಲ್ಲಿ ಮಾದಪ್ಪ ನಿಂತದ್ದು ಹೆಂಡತಿಯನ್ನು ಗೋಳು ಹುಯ್ದುಕೊಂಡ ನೀಲೇಗೌಡನ ಕಡೆಗಲ್ಲ, ಸಂಕಮ್ಮನ ಕಡೆಗೆ. ಕಥೆಯಲ್ಲಿ ಬೇಟೆ ಬಂದ ಮಾತ್ರಕ್ಕೆ ಕಥೆ ಬೇಟೆಗೆ ಅಪ್ಪಣೆ ಚೀಟಿ ಆಗುವುದಿಲ್ಲ.

ಕಾನೂನಿನ ಮಾತು. ನಮ್ಮ ವನ್ಯಜೀವಿ ಕಾಯಿದೆ 1972ರದ್ದು. 2006ರ ಅರಣ್ಯ ಹಕ್ಕು ಕಾಯಿದೆ ಜೇನಿಗೆ, ನೆಲ್ಲಿಕಾಯಿಗೆ ಹಕ್ಕು ಕೊಟ್ಟಿತು, ಬೇಟೆ ಮಾತ್ರ ಇಲ್ಲ ಅಂತ ಅದರಲ್ಲೇ ಬರೆದಿದೆ. ಅಮೆರಿಕದಲ್ಲಿ ಕಾನೂನಿಲ್ಲ ಅಂದುಕೊಂಡಿರಾ? ಅಲ್ಲೂ ಒಂದು ಕಾಲದಲ್ಲಿ ಸಿಕ್ಕಿದವರೆಲ್ಲಾ ಹೊಡೆದು ಎಲ್ಕ್ ಮುಗಿಯುತ್ತಾ ಬಂದಿತ್ತು. ಆಮೇಲೆ ಲೈಸೆನ್ಸು, ಕಾಲ, ಲೆಕ್ಕ ಎಲ್ಲಾ ಬಂತು. 1937ರಿಂದ ಬಂದೂಕು ತೋಟಾಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳ ಕೆಲಸಕ್ಕೆ ಹೋಗುತ್ತದೆ. 1972ರಲ್ಲಿ ಬಿಲ್ಲು ಬಾಣವನ್ನೂ ಅದಕ್ಕೆ ಸೇರಿಸಿದರು. ಇವತ್ತು ಆ ದೇಶದಲ್ಲಿ ಸುಮಾರು ಹತ್ತು ಲಕ್ಷ ಎಲ್ಕ್ ಇವೆ. ಲೆಕ್ಕ ಇಟ್ಟು, ದುಡ್ಡು ಕಟ್ಟಿ, ಒಂದಕ್ಕೆ ಒಂದು ಚೀಟಿ ಪಡೆದು ಹೊಡೆಯುವವರು ಅವರು. ನಮ್ಮಲ್ಲಿ ಆ ಲೆಕ್ಕವೂ ಇಲ್ಲ, ಅಷ್ಟು ಕಾಡೂ ಇಲ್ಲ. ಹಿಂದೆ ನೀಲಗಿರಿಯ ಬ್ರಿಟಿಷ್ ದೊರೆಗಳು ನಮ್ಮ ಕಡವೆಗೇ ಎಲ್ಕ್ ಅನ್ನುತ್ತಿದ್ದರು. ಹೆಸರು ಒಂದಾದ ಮಾತ್ರಕ್ಕೆ ಕಾಡು ಒಂದಾಗಲಿಲ್ಲ.

ರೈತರಿಗೆ ಇನ್ನೊಂದು ಮಾತು. ಕಡವೆ ಹುಲಿಯ ಊಟ. ಸತ್ಯಮಂಗಲ ಕಾಡು 2013ರಿಂದ ಹುಲಿ ಮೀಸಲು. ಕಡವೆ ಮುಗಿಸಿದರೆ ಹುಲಿ ಉಪವಾಸ ಕೂರುತ್ತದಾ? ನಮ್ಮ ಕೊಟ್ಟಿಗೆಗೆ ಬರುತ್ತದೆ. ಉರುಳು ಹಾಕಿದವನು ತಿನ್ನುವುದು ಕಾಡಿನ ಮಾಂಸವಲ್ಲ, ಪಕ್ಕದ ಮನೆಯವನ ಕರು.

ಹಾಗಾದರೆ ಬೆಳೆ ಹಾಳಾಗಲಿ ಅನ್ನುತ್ತೀಯಾ ಅಂತ ಕೇಳಬೇಡಿ. ನಾನೂ ಅಟ್ಟಣೆ ಮೇಲೆ ಮಲಗುವವನೇ. ಕೇರಳದಲ್ಲಿ 2022ರಲ್ಲಿ ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಸಲು ಪಂಚಾಯಿತಿ ಅಧ್ಯಕ್ಷರಿಗೆ ಅಧಿಕಾರ ಕೊಟ್ಟರು. ಅದರಲ್ಲೂ ವಿಷ, ಸಿಡಿಮದ್ದು, ಕರೆಂಟು ಕೂಡದು ಅಂತ ಹೇಳಿದರು. ಅಂಥ ದಾರಿ ಬೇಕಾದರೆ ಎಲ್ಲರೂ ಸೇರಿ ಅರ್ಜಿ ಹಾಕೋಣ, ರಸ್ತೆಗೆ ಇಳಿಯೋಣ, ನಾನೇ ಮುಂದೆ ನಿಂತು ಹಾಡುತ್ತೇನೆ. ಕತ್ತಲಲ್ಲಿ ವೈರು ಕಟ್ಟುವುದು ಹೋರಾಟ ಅಲ್ಲ.

ಅಧಿಕಾರಿಗಳಿಗೂ ಹೇಳಬೇಕು. ಕಾಡು ಓದಬಲ್ಲ ಮನುಷ್ಯನನ್ನು ಕಂಡ ತಕ್ಷಣ ಕಳ್ಳ ಅನ್ನುತ್ತೀರಿ. ಹುಲಿ ಊರಿಗೆ ಬಂದ ದಿನ ಜಾಡು ಹಿಡಿಯಲು ಅವನನ್ನೇ ಕರೆಯುತ್ತೀರಿ. ವರ್ಷಗಟ್ಟಲೆ ಕಾಡು ಕಾದ ವಾಚರಿಗೆ ಹಂಗಾಮಿ ಕೂಲಿ, ಕಂಪ್ಯೂಟರ್ ಒತ್ತುವವನಿಗೆ ಖಾಯಂ ಕುರ್ಚಿ. ಆ ಮುದುಕರು ಹೋದರೆ ಅವರ ವಿದ್ಯೆಯನ್ನು ಯಾವ ಕ್ಯಾಮೆರಾದಲ್ಲಿ ಹುಡುಕುತ್ತೀರಿ? ಹೆಜ್ಜೆ ಬಲ್ಲವರಿಗೆ ಖಾಯಂ ಕೆಲಸ ಕೊಡಿ. ಬೆಳೆ ಪರಿಹಾರವನ್ನು ಮುಂದಿನ ಬಿತ್ತನೆಯೊಳಗೆ ಕೊಡಿ. ಅರ್ಧ ವೈರು ತಾನಾಗಿ ಕಳಚುತ್ತದೆ.

ಹುಡುಗರೇ, ಅಮೆರಿಕದವನಿಂದ ಕಲಿಯುವುದಿದ್ದರೆ ಬಾಣಕ್ಕೆ ಮುಂಚಿನ ಮೂರು ತಿಂಗಳು ಕಲಿಯಿರಿ. ಕಾಡೊಳಕ್ಕೆ ಹೋಗುವುದೂ ಬೇಡ. ಮಳೆ ಬಿದ್ದ ಮಾರನೇ ದಿನ ನಿಮ್ಮ ಹೊಲದ ಬದುವಿನ ಮೇಲೇ ಹೆಜ್ಜೆ ಬಿದ್ದಿರುತ್ತದೆ. ಆನೆ ಯಾವ ಕಡೆಯಿಂದ ಬಂತು, ಎಷ್ಟು ಹೊತ್ತಿಗೆ ಹೋಯ್ತು, ಹಂದಿ ಹಿಂಡಲ್ಲಿ ಮರಿ ಎಷ್ಟು, ಇದನ್ನು ಓದಲು ಬಂದರೆ ರಾತ್ರಿ ಕಾವಲು ಎಲ್ಲಿ ಕೂರಬೇಕು ಅಂತ ತಿಳಿಯುತ್ತದೆ, ಜೀವ ಉಳಿಯುತ್ತದೆ. ಹೇಳಿಕೊಡುವ ಮುದುಕರು ಇನ್ನೂ ನಾಲ್ಕು ಜನ ಇದ್ದಾರೆ. ನಮ್ಮ ಓದುವ ಮನೆಯಲ್ಲಿ ಭಾನುವಾರ ಚಾಪೆ ಹಾಸಿರುತ್ತದೆ. ವೈರು ಬಿಚ್ಚಿಟ್ಟು ಬನ್ನಿ.